ಸೆಕೆಂಡ್ ಹ್ಯಾಂಡ್ ಇನ್ವರ್ಟರ್ ವೆಲ್ಡಿಂಗ್ ಮಷಿನ್: ಎರಡ ಕಡ್ಡಿಗೆ ಹಳದಿ ಲೈಟ್, ತಲಿ ಕೆಟ್ಟೈತಿ

ಮುಧೋಳ_ಟ್ರಾಲಿ
ನಮಸ್ಕಾರ್ರಿ. ಹದಿನೈದು ದಿನದ ಹಿಂದ ಹಳೇ ಇನ್ವರ್ಟರ್ ಮಷಿನ್ ತಗೊಂಡೆ, 200 ಆಂಪಿಂದು. 6,500 ಕೊಟ್ಟೀನಿ. ಕೊಟ್ಟಾಂವ ಅವನ ಅಂಗಡ್ಯಾಗ ನನ್ನ ಮುಂದ ಐದು ವೆಲ್ಡಿಂಗ್ ಕಡ್ಡಿ ಉರಿಸಿ ತೋರಿಸಿದ, ಬೆಣ್ಣಿ ಹಂಗ ಓಡ್ತು. ಇಲ್ಲಿ ತಂದ್ಮ್ಯಾಲ ಬರೇ ಅಂಟಕೊಳ್ಳೋದ ಕೆಲಸ. ಕಿತ್ತಿ ಕಿತ್ತಿ ಹೋಲ್ಡರ್ ಲೂಸ್ ಆತು. ಹೆಂಗರ ಮಾಡಿ ಎರಡ ಕಡ್ಡಿ ಹಚ್ಚಿದ್ರ ಹಳದಿ ಲೈಟ್ ಹತ್ತಿ ಬಂದ್. ಕಬ್ಬಿನ ಟ್ರಾಲಿ ಬಿಚ್ಚಿ ಹಾಕೀನಿ, ಕಾರ್ಖಾನಿ ಚಾಲೂ ಆಗಾಕತ್ತಾವು, ಕಬ್ಬು ಕಡಿಯೋ ಗ್ಯಾಂಗಿಗೆ ಅಡ್ವಾನ್ಸ್ ಕೊಟ್ಟ ಆಗೇತಿ. ಮೋಸ ಹ್ವಾದ್ನೇನ್ರಿ? ಏನ್ ಕೆಟ್ಟೈತಿ ಲಗೂನ ಹೇಳ್ರಿ.

ಗುಜರಿ_ಸಾಹೇಬ
ಐಜಿಬಿಟಿ, ಅಂದ್ರ ಒಳಗಿನ ಕರೆಂಟ್ ಸ್ವಿಚಿಂಗ್ ಪಾರ್ಟ್, ವೀಕ್ ಆಗ್ಯದ. ವಿಜಯಪುರದಾಗ ನನ್ನ ಟೇಬಲ್ ಮ್ಯಾಲ ಇಂಥವು ಈಗ ಮೂರು ಕುಂತಾವ. ಮುಚ್ಚಳ ತೆಗೀರಿ, ಹೀಟ್‌ಸಿಂಕ್ ಹಿಂದ ಸಾಲಾಗಿ ಇರ್ತಾವ. ಮೀಟರ್ ಡಯೋಡ್ ಮೋಡಿಗೆ ಹಾಕಿ ನೋಡ್ರಿ.

ಎಣ್ಣಿ_ಮಷಿನ್
ಅದಕ್ಕ ಹೇಳೋದು ಇನ್ವರ್ಟರ್ ಡಬ್ಬಿ ಬ್ಯಾಡಂತ. ನಮ್ಮಲ್ಲಿ ಆಯಿಲ್ ಮಷಿನ್ ಐತಿ, ಎಣ್ಣ್ಯಾಗ ಮುಳುಗಿದ ಟ್ರಾನ್ಸ್‌ಫಾರ್ಮರಿಂದು, ಮ್ಯಾಲ ಅಡ್ವಾನಿ ಓರ್ಲಿಕಾನ್ ಅಂತ ಪ್ಲೇಟು, ಅಂದ್ರ ಕಂಪನಿ ಅಡೋರ್ ಆಗೋಕಿಂತ ಮೊದಲಿಂದು. ಪೂರಾ ತಾಮ್ರ. ಮಳ್ಯಾಗ ನಿಂತೈತಿ, ಬಿಸಲಾಗ ನಿಂತೈತಿ, ಒಂದ ದಿನ ಮುನಿಸಿಲ್ಲ. 8 ನಂಬರ್ ದಪ್ಪ ಕಡ್ಡಿ ಸೈತ ನುಂಗತೈತಿ.

ಐಟಿಐ_ಬೆಂಚ್
ಮುಧೋಳದವರೇ, ಕಡ್ಡಿ ಯಾವುದು, ಎಷ್ಟು ದಪ್ಪದ್ದು? ಆಂಪ್ ಎಷ್ಟಕ್ಕೆ ಇಟ್ಟಿದ್ದೀರಿ? ಕರೆಂಟ್ ಎಲ್ಲಿಂದ ಎಳೆದಿದ್ದೀರಿ, ವೈರ್ ಯಾವುದು? ಇದನ್ನು ಹೇಳದೆ ಯಾರೂ ಏನೂ ಹೇಳಲಿಕ್ಕಾಗದು.

ಮುಧೋಳ_ಟ್ರಾಲಿ
ಕಡ್ಡಿ ಎಲ್ಲಾರೂ ಹಚ್ಚೋದ ಕಡ್ಡೀರಿ, 10 ನಂಬರ್, 3.15 ಮಿಮೀ. ಆಂಪ್ 110, ಆಮ್ಯಾಲ ಅಂಟತೈತಂತ 150 ಮಾಡೀನಿ, ಆಗ ಇನ್ನೂ ಲಗೂ ಲೈಟ್ ಹತ್ತತೈತಿ. ಕರೆಂಟ್ ಬರೋಬ್ಬರಿ ಐತಿ, ಬಲ್ಬ್ ಉರೀತೈತಿ, ಗ್ರೈಂಡರ್ ಓಡತೈತಿ. ಐಜಿಬಿಟಿ ಎಷ್ಟಕ್ಕ ಬರ್ತಾವ?

ಗುಜರಿ_ಸಾಹೇಬ
ಎಲ್ಲಾ ಒಮ್ಮೆಲೆ ಬದಲು ಮಾಡಬೇಕು, ಒಂದೊಂದ ಹಾಕಿದ್ರ ಮತ್ತ ಹಾರ್ತಾವ. ಗೇಟ್ ರೆಸಿಸ್ಟರ್ ಸೈತ ನೋಡ್ರಿ. ಬೋರ್ಡ್ ಫೋಟೋ ಹಾಕ್ರಿ.

ಜಮಖಂಡಿ_ಗೇಟ್ಸ್
ಸಾಹೇಬ್ರ, ಐಜಿಬಿಟಿ ಶಾರ್ಟ್ ಆಗಿದ್ರ ಸ್ವಿಚ್ ಹಾಕಿದ ಕೂಡ್ಲೆ ಎಂಸಿಬಿ (ಬೋರ್ಡಿನ ಸೇಫ್ಟಿ ಸ್ವಿಚ್) ಬೀಳ್ತಿತ್ತು. ಇಲ್ಲಿ ಎರಡ ಕಡ್ಡಿ ಉರದಾವಲ್ಲ? ಮತ್ತ ಅಣ್ಣಾ, ಮುಚ್ಚಳ ತೆಗಿಯೋದಾದ್ರ ಪ್ಲಗ್ ಕಿತ್ತ ಕೂಡ್ಲೆ ಕೈ ಹಾಕಬ್ಯಾಡ. ಒಳಗ ದೊಡ್ಡ ಕೆಪಾಸಿಟರ್ ಇರ್ತಾವ, ಅದರಾಗ 300 ವೋಲ್ಟಿಗೂ ಮ್ಯಾಲ ಡಿಸಿ ನಿಂತಿರತೈತಿ. ನಮ್ಮ ಹುಡುಗ ಒಬ್ಬಾಂವ ಸ್ಕ್ರೂ ಡ್ರೈವರ್ ಇಟ್ಟ, ಅದರ ತುದಿ ಕರಗಿ ಗುಂಡಗ ಆಗೇತಿ, ಇನ್ನೂ ನನ್ನ ಡಬ್ಬ್ಯಾಗ ಐತಿ.
ನನ್ನ ಲೆಕ್ಕ ಕಡ್ಡಿ ಹಸಿ ಅದಾವು. ಮಳಿಗಾಲದಾಗ ಪಾಕೀಟ ಒಡದು ಇಟ್ಟಿದ್ದಿಯೇನು?

ಮುಧೋಳ_ಟ್ರಾಲಿ
ಪಾಕೀಟ ನಿನ್ನೆ ಒಡದದ್ದು. ಆದ್ರೂ ಒಲಿ ಮ್ಯಾಲ ಹಂಚಿನ್ಯಾಗ ಇಟ್ಟು ಬಿಸಿ ಮಾಡಿ ನೋಡಿದ್ನಿ, ಮನ್ಯಾಗ ಬೈಸ್ಕೊಂಡೆ. ಫರಕ್ ಇಲ್ಲ.

ಎಣ್ಣಿ_ಮಷಿನ್
7018 ನಮೂನಿ ಕಡ್ಡಿ ಆದ್ರ ಒಣಗಿಸಬೇಕ್ರಿ, ಎಲ್ಲಾರೂ ಹಚ್ಚೋ 6013 ಕ್ಕ ಅಷ್ಟೇನ ಬೇಕಾಗಿಲ್ಲ. ನಾ 7018 ಸೈತ ಆಯಿಲ್ ಮಷಿನ್ ಮ್ಯಾಲ ಹಚ್ಚೀನಿ.

ಐಟಿಐ_ಬೆಂಚ್
7018 ಇರುವುದು ಡಿಸಿ ಪಾಸಿಟಿವ್‌ಗೆ. ಎಸಿ ಮೇಲೆ ಹಚ್ಚಲು ಮಷಿನ್ನಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕಡ್ಡಿ ಹತ್ತುವ ಮೊದಲಿನ ವೋಲ್ಟೇಜ್) 70ರ ಮೇಲೆ ಬೇಕು, ಆಗಲೂ ಆರ್ಕ್, ಅಂದರೆ ಕಡ್ಡಿ ತುದಿಯ ಕಿಡಿ, ತಡವರಿಸುತ್ತದೆ. ಅದನ್ನು ಒಣಗಿಸಲು 300 ಡಿಗ್ರಿಯ ಆಸುಪಾಸಿನ ಓವನ್ ಬೇಕು, ರೊಟ್ಟಿ ಹಂಚು ಸಾಲದು.

ಎಣ್ಣಿ_ಮಷಿನ್
ಪುಸ್ತಕದ್ದು ಪುಸ್ತಕದಾಗ ಇರಲಿ ಸರ್. ಬೆಳಗಾವಿ ಉದ್ಯಮಬಾಗಕ್ಕ ಬರ್ರಿ, ಹಚ್ಚಿ ತೋರಿಸ್ತೀನಿ.

ಜಮಖಂಡಿ_ಗೇಟ್ಸ್
ನಿಮ್ಮ ಆಯಿಲ್ ಮಷಿನ್ ಎರಡು ಫೇಸ್ ಕೇಳತೈತಿ, 415 ವೋಲ್ಟು. ಹೊಲದಾಗ ತ್ರೀ ಫೇಸ್ ಬರೋ ಹೊತ್ತಿಗೆ ಕಾದು ಕುಂದರಬೇಕು. ತೂಕ ಬ್ಯಾರೆ, ನಾಕ ಮಂದಿ ಹೊರಬೇಕು. ಮತ್ತ ಪೂರಾ ತಾಮ್ರ ಅಂತ ಹೆಂಗ ಗೊತ್ತು? ಅರ ಹಚ್ಚಿ ನೋಡೀರೇನು? ನಾ ತಾಮ್ರಂತ ತಂದ ಮಷಿನ್ನಿಗೆ ಟರ್ಮಿನಲ್ ಹಂತ್ಯಾಕ ಅರ ಎಳದ್ರ ಬೆಳ್ಳಗ ಅಲ್ಯೂಮಿನಿಯಂ ಬಂತು.

ಎಣ್ಣಿ_ಮಷಿನ್
ಎರಡು ತಲಿಮಾರು ದುಡದ ಮಷಿನ್ನಿಗೆ ಅರ ಹಚ್ಚಬೇಕೇನು? ಮಾತಾಡೋದು ಕಲೀರಿ.

ಐಟಿಐ_ಬೆಂಚ್
ಜಗಳ ಆಮೇಲೆ. ಮುಧೋಳದವರೇ, ಕೊಟ್ಟವನ ಅಂಗಡಿಯಲ್ಲಿ ಓಡಿತು, ನಿಮ್ಮಲ್ಲಿ ಓಡುತ್ತಿಲ್ಲ ಎಂದು ಮೊದಲನೇ ದಿನವೇ ಬರೆದಿದ್ದೀರಿ. ಮಷಿನ್ ಅದೇ, ಬದಲಾದದ್ದು ಜಾಗ. ಎಲ್ಲಿ ಇಟ್ಟು ಕೆಲಸ ಮಾಡುತ್ತಿದ್ದೀರಿ?

ಮುಧೋಳ_ಟ್ರಾಲಿ
ಹೊಲದ ಶೆಡ್ಡಿನ್ಯಾಗ್ರಿ. ಮನಿ ಮುಂದ ಟ್ರಾಲಿ ನಿಂದ್ರಸಾಕ ಜಾಗ ಎಲ್ಲೈತಿ? ಮನಿ ಮೀಟರಿಂದ ಸರ್ವಿಸ್ ವೈರ್ ಎಳದೀನಿ, ಅಲ್ಯೂಮಿನಿಯಂದು, 2.5. ಒಂದ 55 ಮೀಟರ್ ಆಗಬಹುದು. ಉಳದದ್ದು ಗೂಟಕ್ಕ ಸುತ್ತಿ ಇಟ್ಟೀನಿ. ಇದನ್ನೂ ಹೇಳಬೇಕಿತ್ತೇನ್ರಿ?

ಜಮಖಂಡಿ_ಗೇಟ್ಸ್
ಅಯ್ಯೋ ದೇವ್ರ.

ಐಟಿಐ_ಬೆಂಚ್
ಇದನ್ನೇ ಹೇಳಬೇಕಿತ್ತು! 2.5 ಚದರ ಮಿಮೀ ಅಲ್ಯೂಮಿನಿಯಂ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಂ ರೆಸಿಸ್ಟೆನ್ಸ್. ಹೋಗಿ ಬರುವ ದಾರಿ ಸೇರಿ 110 ಮೀಟರ್, ಅಂದರೆ 1.3 ಓಂ. ನೀವು 110 ಆಂಪಿಗೆ ಇಟ್ಟು ಹಚ್ಚುವಾಗ ಮಷಿನ್ ಗೋಡೆ ಕಡೆಯಿಂದ 20–25 ಆಂಪ್ ಎಳೆಯುತ್ತದೆ. ವೈರಿನಲ್ಲೇ 30 ವೋಲ್ಟ್ ಹೋಯಿತು. ವೋಲ್ಟೇಜ್ ಬಿದ್ದಷ್ಟೂ ಮಷಿನ್ ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ, ವೈರಿನಲ್ಲಿ ಇನ್ನೂ ಬೀಳುತ್ತದೆ. ನೀವು 150ಕ್ಕೆ ಏರಿಸಿದ್ದು ಉರಿಯೋ ಬೆಂಕಿಗೆ ಎಣ್ಣೆ. ಬಲ್ಬು, ಗ್ರೈಂಡರ್ ಇಷ್ಟು ಎಳೆಯುವುದಿಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಬಹಳ ಮಷಿನ್ನುಗಳಲ್ಲಿ ಬಿಸಿಗೂ ಕಡಿಮೆ ವೋಲ್ಟೇಜಿಗೂ ಅದೇ ಹಳದಿ ದೀಪ.
ಒಬ್ಬರು ಕಡ್ಡಿ ಹಚ್ಚಲಿ, ಇನ್ನೊಬ್ಬರು ಮಷಿನ್ ಪಕ್ಕದ ಸಾಕೆಟ್ಟಿನಲ್ಲಿ ಮೀಟರ್ ಹಿಡಿಯಲಿ. ಸುಮ್ಮನೆ ಇದ್ದಾಗಿನ ವೋಲ್ಟೇಜ್ ಅಲ್ಲ, ಆರ್ಕ್ ಇರುವಾಗಿನದು ಬೇಕು.

ಗುಜರಿ_ಸಾಹೇಬ
ವೋಲ್ಟೇಜ್ ಬಿದ್ದೇ ಐಜಿಬಿಟಿ ವೀಕ್ ಆಗಿರ್ತಾವ. ನಾ ಹೇಳಿದ್ದು ಅದೇ.

ಜಮಖಂಡಿ_ಗೇಟ್ಸ್
ಅರ್ಥಿಂಗ್ ಕ್ಲಾಂಪ್ ಎಲ್ಲಿ ಹಾಕೀದಿ ಅದನ್ನೂ ಹೇಳಿಬಿಡು. ಗಾಲಿ ಹಬ್ಬಿಗೆ ಹಾಕಿ ಚಾಸಿಗೆ ಹಚ್ಚಿದ್ರ ಕರೆಂಟ್ ಬೇರಿಂಗ್ ಒಳಗ ಹಾಯತೈತಿ, ಗುಂಡಿನ ಮ್ಯಾಲ ಚುಕ್ಕಿ ಚುಕ್ಕಿ ಬಿದ್ದು ಬೇರಿಂಗ್ ಹಾಳಾಕ್ಕೈತಿ. ಹಚ್ಚೋ ಜಾಗದ ಹಂತ್ಯಾಕ ಬಣ್ಣ ಕೆರದು ಹಾಕು.

ಮುಧೋಳ_ಟ್ರಾಲಿ
ತಮ್ಮನ್ನ ಕೂಡಿಸಿಕೊಂಡು ನೋಡಿದ್ನಿ. ಸುಮ್ನಿದ್ದಾಗ 206. ಕಡ್ಡಿ ಹಚ್ಚಿದ್ರ 168, ಅಂಟಿದ್ರ ಇನ್ನೂ ಕೆಳಗ. ಗೂಟಕ್ಕ ಸುತ್ತಿದ ವೈರ್ ಮುಟ್ಟಿದ್ನಿ, ಮ್ಯಾಲಿನ ಪ್ಲಾಸ್ಟಿಕ್ ಮೆತ್ತಗಾಗಿ ಒಂದಕ್ಕೊಂದು ಹತ್ತಾಕತ್ತಿತ್ತು. ಕ್ಲಾಂಪ್ ಹಬ್ಬಿಗೇ ಇತ್ತು, ತಗದೆ.
ಟ್ರಾಲಿ ದಬ್ಬಿಸ್ಕೊಂಡು ಮನಿ ಹಿಂದ ತಂದ್ವಿ, ಎಂಟ ಮಂದಿ. ಬಾಜೂಕಿನವರ 4 ಚದರದ ತಾಮ್ರದ ವೈರ್ 12 ಮೀಟರ್ ಇತ್ತು, ಅದನ್ನ ಮೀಟರ್ ಬೋರ್ಡಿನ ಎಂಸಿಬಿಗೇ ಸೀದಾ ಕೊಟ್ವಿ. 110 ಆಂಪಿಗೆ ಇಟ್ಟೀನಿ, ಆರ್ಕ್ ನಿಂತೈತಿ, ಮ್ಯಾಲಿನ ಸ್ಲ್ಯಾಗ್ ಪದರ ತಾನ ಎದ್ದ ಬರತೈತಿ. ಆದ್ರ ಹದಿನೈದು ಕಡ್ಡಿ ಆದ್ಮ್ಯಾಲ ಮತ್ತ ಹಳದಿ ಲೈಟ್ ಬಂತು.

ಜಮಖಂಡಿ_ಗೇಟ್ಸ್
ಅದು ಖರೇನ ಬಿಸಿ ಆಗಿದ್ದು ಇರಬೇಕು. ಹಿಂದ ಫ್ಯಾನ್ ಮುಂದ ಕೈ ಹಿಡಿ, ಗಾಳಿ ಬರತೈತೇನು? ಗ್ರೈಂಡಿಂಗ್ ಮಾಡೋ ಜಾಗದಾಗ ಇಟ್ಟ ಮಷಿನ್ನಿನ್ಯಾಗ ಕಬ್ಬಿಣದ ಪುಡಿ ತುಂಬಿರತೈತಿ. ಪ್ಲಗ್ ಕಿತ್ತು ಹತ್ತಿಪ್ಪತ್ತು ನಿಮಿಷ ಬಿಟ್ಟು, ಕಂಪ್ರೆಸರ್ ಗಾಳಿ ದೂರದಿಂದ ಹೊಡಿ. ಮತ್ತ ಕೇಬಲ್ ಕನೆಕ್ಟರ್ ತಿರುವಿ ಬಿಗಿ ಮಾಡು. ಲೂಸ್ ಇದ್ರ ಅಲ್ಲೇ ಕರ್ರಗಾಗಿ ಸುಡತೈತಿ. ಹಳೇ ಮಷಿನ್ ತಗೊಳ್ಳೋವಾಗ ನಾ ಮೊದಲ ಆ ಕನೆಕ್ಟರಿನ ಬಣ್ಣಾನ ನೋಡ್ತೀನಿ.

ಐಟಿಐ_ಬೆಂಚ್
ಪ್ಲೇಟಿನಲ್ಲಿ ಡ್ಯೂಟಿ ಸೈಕಲ್ ನೋಡಿ. 200 ಆಂಪಿಗೆ 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಹಚ್ಚಬೇಕು. 110 ಆಂಪಿನಲ್ಲಿ ಅಷ್ಟು ಬೇಗ ನಿಲ್ಲಬಾರದು. ಫ್ಯಾನೇ ಇರಬೇಕು.

ಎಣ್ಣಿ_ಮಷಿನ್
ನಮ್ಮದಕ್ಕ ಫ್ಯಾನೂ ಇಲ್ಲ, ಪುಡೀನೂ ಇಲ್ಲ. ಸುಮ್ನ ಹೇಳೀನಿ.

ಮುಧೋಳ_ಟ್ರಾಲಿ
ಗಾಳಿ ಹೊಡದ್ನಿ, ಒಂದ ಮುಷ್ಟಿ ಕರೀ ಪುಡಿ, ಜೇಡರ ಬಲಿ, ಒಂದ ಸತ್ತ ಹಲ್ಲಿ ಬಂತು. ಫ್ಯಾನ್ ಒಂದ ಎಲಿ ಮುರದೈತಿ, ಗದಗದ ನಡಗತೈತಿ, ಬಾಗಲಕೋಟಿಗೆ ಹೋದಾಗ ತರ್ತೀನಿ. ಸದ್ಯ ಹತ್ತ ಕಡ್ಡಿಗೊಮ್ಮೆ ಚಾ ಕುಡದು ಹಚ್ಚಾಕತ್ತೀನಿ. ನಾಳಿ ಸಂಜೀಗೆ ಟ್ರಾಲಿ ಹೊಂಡತೈತಿ.

ಗುಜರಿ_ಸಾಹೇಬ
ಛಲೋ ಆಯ್ತು. ಆದ್ರೂ ಬಾಗಲಕೋಟಿಗೆ ಹೊಂಟೀರಿ ಅಂದ್ರ ಐಜಿಬಿಟಿ ಒಮ್ಮೆ ಚೆಕ್ ಮಾಡಸ್ರಿ.