ಅಕ್ಕ 60 ಆಗೋಕ್ ಮುಂಚೆ ಮತ್ತೆ ಮದುವೆ ಆದ್ರೆ ಭಾವನ ಸೋಷಿಯಲ್ ಸೆಕ್ಯುರಿಟಿ (ಅಲ್ಲಿನ ಸರ್ಕಾರಿ ಪೆನ್ಶನ್) ಹೋಗುತ್ತಾ? ಅಮೆರಿಕದಲ್ಲಿ ಇರೋರು ದಯವಿಟ್ಟು ಹೇಳಿ

ಹೊಂಗೆನೆರಳು:

ಎಲ್ರಿಗೂ ನಮಸ್ಕಾರ. ವಿಷಯ ಸ್ವಲ್ಪ ಸೂಕ್ಷ್ಮ, ಆದ್ರೆ ನಮ್ಮನೇಲಿ ಒಬ್ಬೊಬ್ರು ಒಂದೊಂದ್ ಹೇಳ್ತಿದಾರೆ ಅದಕ್ಕೇ ಇಲ್ಲಿ ಕೇಳ್ತಿದೀನಿ. ನಮ್ಮಕ್ಕ ಅಮೆರಿಕದಲ್ಲಿದಾಳೆ, ಈಗ 58. ಭಾವ ತೀರ್ಕೊಂಡು ಕೆಲವು ವರ್ಷ ಆಯ್ತು. ಅವರು ಅಲ್ಲೇ 20 ವರ್ಷದ ಮೇಲೆ ದುಡಿದೋರು, ಸಂಬಳ ಚೆನ್ನಾಗೇ ಇತ್ತು. ಅಕ್ಕ ಮಕ್ಕಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ ಕೆಲಸಕ್ಕೆ ಸೇರಿದ್ದು, ಅದೂ ಪಾರ್ಟ್ ಟೈಮ್, ಹಂಗಾಗಿ ಸ್ವಂತ ಪೆನ್ಶನ್ ಸಿಗೋಕೆ ಬೇಕಾದ 40 ಕ್ರೆಡಿಟ್ (ದುಡಿಮೆಯ ಲೆಕ್ಕ) ಏನೋ ಮುಗಿದಿದೆ ಆದ್ರೆ ಅವಳ ಸ್ವಂತ ಲೆಕ್ಕದಲ್ಲಿ ಬರೋ ದುಡ್ಡು ಕಮ್ಮಿ. ಮಕ್ಕಳು ಈಗ ದೊಡ್ಡೋರು.

ಈಗ ಒಬ್ರು ಒಳ್ಳೇ ಮನುಷ್ಯ ಸಿಕ್ಕಿದಾರೆ, 63 ವರ್ಷ, ಡೈವೋರ್ಸ್ ಆಗಿರೋರು, ಮಕ್ಕಳಿಗೂ ಇಷ್ಟ. ಈ ವರ್ಷವೇ ಮದುವೆ ಆಗೋಣ ಅಂತಿದಾರೆ. ಅಷ್ಟರಲ್ಲಿ ಪರಿಚಯದ ಒಬ್ರು "ಮದುವೆ ಆದ್ರೆ ಗಂಡನ ಪೆನ್ಶನ್ ಪೂರ್ತಿ ಹೋಗುತ್ತೆ" ಅಂದ್ರಂತೆ, ಇನ್ನೊಬ್ರು "ಏನೂ ಆಗಲ್ಲ ಸುಮ್ನಿರಿ" ಅಂದ್ರಂತೆ. ಅವಳು ರಾತ್ರಿ ಭಾವನ ಫೈಲ್ ತೆಗೆದು ಹಳೇ ಸ್ಟೇಟ್‌ಮೆಂಟ್ ಎಲ್ಲ ಹರಡ್ಕೊಂಡು ನಂಗೆ ವಿಡಿಯೋ ಕಾಲ್ ಮಾಡಿ ಒಂದೊಂದ್ ಪೇಜ್ ತೋರಿಸ್ತಾಳೆ, ನಂಗೆ ಅದರ ತಲೆ ಬುಡ ಗೊತ್ತಾಗಲ್ಲ. ನಿಜವಾಗ್ಲೂ ರೂಲ್ ಏನಿದೆ?

ಲೆಕ್ಕದಪುಸ್ತಕ:

ಮೊದಲು ನಿಮ್ಮಕ್ಕನಿಗೆ ಒಳ್ಳೇದಾಗ್ಲಿ. ಅವರಿಬ್ರು ಹೇಳಿದ್ದೂ ಅರ್ಧರ್ಧ ಸರಿ, ಅರ್ಧರ್ಧ ತಪ್ಪು. ಇದರಲ್ಲಿ ನೋಡ್ಬೇಕಾಗಿರೋದು ದುಡ್ಡು ಯಾರ ರೆಕಾರ್ಡ್ ಮೇಲೆ ಬರ್ತಿದೆ ಅನ್ನೋದು. ನಿಮ್ಮಕ್ಕ ತಾನೇ ದುಡಿದು ಟ್ಯಾಕ್ಸ್ ಕಟ್ಟಿದ್ದರ ಮೇಲೆ ಬರೋ ರಿಟೈರ್‌ಮೆಂಟ್ ದುಡ್ಡಿಗೆ ಮದುವೆ ಆದ್ರೂ ಬಿಟ್ರೂ ಏನೂ ಆಗಲ್ಲ, ಎಷ್ಟು ಸಲ ಆದ್ರೂ ಆಗಲ್ಲ. ಆದ್ರೆ ತೀರ್ಕೊಂಡ ಗಂಡನ ರೆಕಾರ್ಡ್ ಮೇಲೆ ಬರೋ ಸರ್ವೈವರ್ ಬೆನಿಫಿಟ್‌ಗೆ 60 ಅನ್ನೋದು ಗೆರೆ. 60 ತುಂಬಿದ ಮೇಲೆ ಮದುವೆ ಆದ್ರೆ ಮೊದಲನೇ ಗಂಡನದ್ದು ಹಂಗೇ ಇರುತ್ತೆ. 60ಕ್ಕೆ ಮುಂಚೆ ಆದ್ರೆ ಆ ಮದುವೆ ಇರೋವರೆಗೂ ಅದು ಸಿಗಲ್ಲ. ಅಂಗವೈಕಲ್ಯ ಇರೋ ವಿಧವೆಯರಿಗೆ ಮಾತ್ರ ಈ ಗೆರೆ 50.

"ಪೂರ್ತಿ ಹೋಗುತ್ತೆ" ಅನ್ನೋದು ಯಾಕೆ ಅರ್ಧ ತಪ್ಪು ಅಂದ್ರೆ, ಎರಡನೇ ಮದುವೆ ಸಾವಿಂದಲೋ ಡೈವೋರ್ಸ್‌ನಿಂದಲೋ ಮುಗಿದ್ರೆ ಮೊದಲನೇ ಗಂಡನ ರೆಕಾರ್ಡ್ ಮೇಲೆ ಮತ್ತೆ ಕೇಳಬಹುದು. ಆದ್ರೆ ಯಾರೂ ಮುರಿಯೋಕೆ ಅಂತ ಮದುವೆ ಆಗಲ್ಲವಲ್ಲ, ಅದನ್ನ ನಂಬ್ಕೊಂಡು ಪ್ಲಾನ್ ಮಾಡೋ ಹಂಗಿಲ್ಲ.

ದುಡ್ಡಿನ ಲೆಕ್ಕ ಹಾಕಿ ತೋರಿಸ್ತೀನಿ, ಅಂಕಿ ಎಲ್ಲ ಉದಾಹರಣೆಗೆ ಅಷ್ಟೇ. ಭಾವನ ಪೂರ್ತಿ ಬೆನಿಫಿಟ್ ತಿಂಗಳಿಗೆ 2,800 ಡಾಲರ್, ಹೊಸಬರದ್ದು 3,000, ಅಕ್ಕನ ಸ್ವಂತದ್ದು 900 ಅಂತಿಟ್ಕೊಳ್ಳಿ. 60 ಆದ್ಮೇಲೆ ಮದುವೆ ಆದ್ರೆ ಭಾವನ ರೆಕಾರ್ಡ್ ಮೇಲೆ 60ಕ್ಕೇ ಶುರು ಮಾಡಿದ್ರೆ 71.5 ಪರ್ಸೆಂಟ್, ಅಂದ್ರೆ 2,002 ಬರುತ್ತೆ, 67ರವರೆಗೆ ಕಾದ್ರೆ ಪೂರ್ತಿ 2,800. ಅದೇ 58ಕ್ಕೆ ಮದುವೆ ಆದ್ರೆ ಭಾವನದ್ದು ಇಲ್ಲ, ಹೊಸ ಗಂಡನ ರೆಕಾರ್ಡ್ ಮೇಲೆ ಹೆಂಡತಿಗೆ ಸಿಗೋದು ಹೆಚ್ಚು ಅಂದ್ರೆ ಅವರ ಪೂರ್ತಿ ಬೆನಿಫಿಟ್‌ನ ಅರ್ಧ, ಅಂದ್ರೆ 67ಕ್ಕೆ ಶುರು ಮಾಡಿದ್ರೆ ಅಕ್ಕನ 900 ಸೇರಿ ಒಟ್ಟು 1,500. ತಿಂಗಳಿಗೆ 1,300 ವ್ಯತ್ಯಾಸ, ವರ್ಷಕ್ಕೆ 15,600. ಗಂಡ ಬದುಕಿರುವಾಗ ಹೆಂಡತಿಗೆ ಅರ್ಧ, ಗಂಡ ಹೋದ್ಮೇಲೆ ವಿಧವೆಗೆ ಪೂರ್ತಿವರೆಗೂ, ಈ ಒಂದು ವಿಷಯ ಜನಕ್ಕೆ ಗೊತ್ತೇ ಇರಲ್ಲ.

ಸಂಜೆಮಲ್ಲಿಗೆ:

ಲೆಕ್ಕದಪುಸ್ತಕ ಅವರೇ ಬಹಳ ಚೆನ್ನಾಗಿ ಹೇಳಿದ್ರಿ. ನಂದೂ ಒಂದು ಪ್ರಶ್ನೆ ಸೇರಿಸ್ತೀನಿ. ನನ್ನ ಫ್ರೆಂಡ್‌ಗೆ ಇನ್ನೂ 36, ಮಗಳಿಗೆ 7. ಗಂಡ ಹೋದ್ಮೇಲೆ ಮಗುಗೂ ಬರ್ತಿದೆ, ಮಗು ನೋಡ್ಕೊಳ್ತಿರೋದಕ್ಕೆ ಅಂತ ಇವಳಿಗೂ ಬರ್ತಿದೆ. ಇವಳು ಮದುವೆ ಆದ್ರೆ ಮಗುದೂ ನಿಲ್ಲುತ್ತೆ ಅಂತ ಹೆದರಿ ಎರಡು ಒಳ್ಳೇ ಸಂಬಂಧ ಬೇಡ ಅಂದ್ಲು. ನಿಜಾನಾ ಅದು?

ಲೆಕ್ಕದಪುಸ್ತಕ:

ಇಲ್ಲ, ಮಗುದು ನಿಲ್ಲಲ್ಲ, ಇದನ್ನ ಅವರಿಗೆ ಇವತ್ತೇ ಹೇಳಿ. ಮಗುದು ಅಪ್ಪನ ರೆಕಾರ್ಡ್ ಮೇಲೆ ಮಗುಗೆ ಅಂತ ಬರೋದು, ಅಮ್ಮ ಮದುವೆ ಆದ್ರೆ ಅದಕ್ಕೇನೂ ಸಂಬಂಧ ಇಲ್ಲ, 18ರವರೆಗೂ ಬರುತ್ತೆ, ಆಗಲೂ ಹೈಸ್ಕೂಲ್ ಓದ್ತಿದ್ರೆ 19ರವರೆಗೂ. ನಿಲ್ಲೋದು ಅಮ್ಮನ ಪಾಲು, ಅಂದ್ರೆ 16ರ ಒಳಗಿನ ಮಗು ನೋಡ್ಕೊಳ್ಳೋರಿಗೆ ಬರೋದು. ಅದು ಸಾಮಾನ್ಯವಾಗಿ ಮದುವೆ ಆದ ತಕ್ಷಣ ನಿಲ್ಲುತ್ತೆ. ಇನ್ನೊಂದು, ಒಂದು ಕುಟುಂಬಕ್ಕೆ ಇಷ್ಟೇ ಅಂತ ಮೇಲ್ಮಿತಿ ಇರುತ್ತೆ, ಒಂದಕ್ಕಿಂತ ಜಾಸ್ತಿ ಮಕ್ಕಳಿದ್ದು ಆ ಮಿತಿಗೆ ಎಲ್ರದ್ದೂ ಕಡಿತ ಆಗಿದ್ರೆ ಅಮ್ಮನ ಪಾಲು ನಿಂತಾಗ ಮಕ್ಕಳದ್ದು ಸ್ವಲ್ಪ ಏರೋದೂ ಉಂಟು.

ಬಯಲುಸೀಮೆ:

ಡಿಸೆಬಿಲಿಟಿ ಕಡೇದ್ ಯಾರೂ ಬರ್ದಿಲ್ಲ ಅದಕ್ಕ ನಾ ಬರೀತೀನ್ರಿ, ಯಾಕಂದ್ರ ಅಲ್ಲೇ ಜನಾ ಭಾಳ ಸಿಕ್ಕೊಳ್ಳೋದು. ಎರಡು ಬ್ಯಾರೆ ಬ್ಯಾರೆ ಅದಾವ. ಎಸ್‌ಎಸ್‌ಡಿಐ ಅಂದ್ರ ತಾ ದುಡಿದು ಕಟ್ಟಿದ್ದರ ಮ್ಯಾಲ ಬರೋದು, ಅದಕ್ಕ ಲಗ್ನದಿಂದ ಏನೂ ಆಗಂಗಿಲ್ಲ. ಎಸ್‌ಎಸ್‌ಐ ಅಂದ್ರ ಆದಾಯ ಆಸ್ತಿ ನೋಡಿ ಕೊಡೋದು, ಲಗ್ನ ಆತಂದ್ರ ಗಂಡನ ಪಗಾರದಾಗಿಂದೂ ಒಂದಿಷ್ಟು ನಿಮ್ಮ ಆದಾಯ ಅಂತ ಹಿಡೀತಾರ. ಒಬ್ರಿದ್ರ 2,000 ಡಾಲರ್ ಆಸ್ತಿ ಮಿತಿ, ಗಂಡ ಹೆಂಡ್ತಿ ಸೇರಿ 3,000, ಅಂದ್ರ ಇಬ್ರಿಗೆ 4,000 ಅಲ್ಲ. 2025ರಾಗ ಒಬ್ರಿಗೆ ತಿಂಗಳಿಗೆ ಹೆಚ್ಚಂದ್ರ 967, ಜೋಡಿಗೆ 1,450 ಇತ್ತು. ಇಬ್ರೂ ಎಸ್‌ಎಸ್‌ಐ ತಗೊಳ್ಳೋರು ಲಗ್ನ ಆದ್ರ ಆ ಲೆಕ್ಕದಾಗ ತಿಂಗಳಿಗೆ 484 ಡಾಲರ್ ಕಳ್ಕೋತಿದ್ರು. ಇಬ್ರು ಅಶಕ್ತರು ಒಬ್ರಿಗೊಬ್ರು ಆಸರಾ ಆಗಿ ಇರ್ತೀವಿ ಅಂದ್ರ ಅವರ ರೊಕ್ಕಾನ ಕಡಿಮಿ ಮಾಡೋದು ನನಗಂತೂ ಅನ್ಯಾಯ ಅನಸ್ತದ, ಆದ್ರ ಕಾನೂನು ಇರೋದ ಹಂಗ.

ಮೂರನೇದ್ದು ಎಲ್ಲಾಕಿಂತ ಹುಷಾರಾಗಿರಬೇಕಾದ್ದು. 22 ವರ್ಷದೊಳಗ ಅಂಗವಿಕಲ ಆದೋರಿಗೆ ದೊಡ್ಡೋರಾದ ಮ್ಯಾಲೂ ಅಪ್ಪ ಅಥವಾ ಅವ್ವನ ರೆಕಾರ್ಡ್ ಮ್ಯಾಲ ಬರೋದು ಅದ. ನಮ್ಮ ಬಂಧುಗಳೊಳಗ ಒಬ್ಬಾಕಿಗೆ ಹಂಗ ಬರ್ತದ, ಕಿವಿ ಕೇಳಂಗಿಲ್ಲ, ದೃಷ್ಟಿನೂ ಕಮ್ಮಿ. ಆಕಿ ಲಗ್ನದ ಮಾತು ಬಂದಾಗ ಹುಡುಗ ಯಾವ ರೊಕ್ಕಾ ತಗೋತಾನ ಅನ್ನೋದರ ಮ್ಯಾಲ ಎಲ್ಲಾ ನಿಂತಿತ್ತು. ಅವಂಗೂ ಎಸ್‌ಎಸ್‌ಡಿಐ ಅಥವಾ ಆಕಿಗೆ ಬರೋ ನಮೂನಿದ ಬರ್ತಿದ್ರ ಇಬ್ರದೂ ಉಳೀತದ. ಅವ ಆರೋಗ್ಯವಾಗಿ ನೌಕರಿ ಮಾಡೋನು ಆಗಿದ್ರ, ಇಲ್ಲಾ ಬರೇ ಎಸ್‌ಎಸ್‌ಐ ತಗೊಳ್ಳೋನು ಆಗಿದ್ರ ಆಕಿದು ನಿಂತ ಹೋಗ್ತದ, ಮುಂದ ಡೈವೋರ್ಸ್ ಆದ್ರೂ ಸಾಮಾನ್ಯವಾಗಿ ವಾಪಸ್ ಬರಂಗಿಲ್ಲ. ವಿಧವೆಯರಿಗೆ ಇದ್ದಂಗ ಮತ್ತ ಬಾಗಿಲಾ ತೆರಿಯೋ ಮಾತ ಇಲ್ಲ. ಹುಡುಗನ ಮನಿಯವರಿಗೆ ಅವನ ಅವಾರ್ಡ್ ಲೆಟರ್ (ಯಾವ ರೊಕ್ಕಾ ಬರ್ತದ ಅಂತ ಬರೆದ ಸರ್ಕಾರಿ ಪತ್ರ) ತೋರಸ್ರಿ ಅಂತ ಕೇಳಾಕ ನಮ್ಮೋರು ಭಾಳ ಸಂಕೋಚ ಪಟ್ರು, ಆದ್ರ ಕೇಳಿದ್ದ ಚೊಲೋ ಆತು. ಅವಂದು ಎಸ್‌ಎಸ್‌ಡಿಐ ಅಂತ ಅದರಾಗ ಬರದಿತ್ತು.

ಹೊಂಗೆನೆರಳು:

ಅಬ್ಬಾ, ಇಷ್ಟೊಂದಿದೆ ಅಂತ ಗೊತ್ತಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಫೋನಲ್ಲೇ ಓದಿ ಹೇಳ್ದೆ. ಇನ್ನೊಂದ್ ಕೇಳ್ಬೇಕು. ಸಂಬಂಧಿಕರೊಬ್ರು "ಈಗ ದೇವಸ್ಥಾನದಲ್ಲಿ ತಾಳಿ ಕಟ್ಟಿಸ್ಕೊಂಡು ಜೊತೆಗಿರಿ, 60 ಆದ್ಮೇಲೆ ರಿಜಿಸ್ಟರ್ ಮಾಡ್ಸಿ" ಅಂತಿದಾರೆ. ಬೇಕಿದ್ರೆ ಊರಿಗೇ ಬಂದು ಮಾಡ್ಕೊಂಡು ಹೋಗಿ ಅಂತಾನೂ ಅಂತಾರೆ. ಅಕ್ಕ ಇರೋದು ಟೆಕ್ಸಸ್‌ನಲ್ಲಿ. ಇದು ಆಗುತ್ತಾ? ಮತ್ತೆ ಹೊಸಬರು ಮೊದಲು ಡೈವೋರ್ಸ್ ಆಗಿದಾರಲ್ಲ, ಅವರ ಹಳೇ ಹೆಂಡತಿಗೆ ಪಾಲು ಹೋದ್ರೆ ಅಕ್ಕನಿಗೆ ಕಮ್ಮಿ ಆಗುತ್ತಾ?

ಕೃಷ್ಣತೀರ:

ದಯವಿಟ್ಟು ಆ ದೇವಸ್ಥಾನದ ಐಡಿಯಾ ಬಿಟ್ಬಿಡಿ. ಊರಲ್ಲಿ ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಶಾಸ್ತ್ರೋಕ್ತವಾಗಿ ಆದ ಮದುವೆ ಮದುವೆನೇ, ರಿಜಿಸ್ಟರ್ ಆಗಿಲ್ಲ ಅಂದಮಾತ್ರಕ್ಕೆ ಅದು ಇಲ್ಲ ಅಂತಾಗಲ್ಲ. ಟೆಕ್ಸಸ್‌ನಲ್ಲಂತೂ ಕಾಗದ ಇಲ್ದೇನೂ ಮದುವೆ ಆಗುತ್ತೆ, ಇಬ್ರೂ ಗಂಡ ಹೆಂಡತಿ ಅಂತ ಒಪ್ಕೊಂಡು, ಅಲ್ಲಿ ಒಟ್ಟಿಗಿದ್ದು, ನಾಲ್ಕು ಜನರ ಮುಂದೆ ಗಂಡ ಹೆಂಡತಿ ಅಂತ ನಡ್ಕೊಂಡ್ರೆ ಅಲ್ಲಿನ ಕಾನೂನಲ್ಲಿ ಅದು ಮದುವೆ. ತಾಳಿ ಕಟ್ಕೊಂಡು ಫೋಟೋ ಹಾಕ್ಕೊಂಡು ಆಮೇಲೆ ಅರ್ಜಿಯಲ್ಲಿ "60ಕ್ಕೆ ಮುಂಚೆ ಮದುವೆ ಆಗಿಲ್ಲ" ಅಂತ ಸೈನ್ ಮಾಡೋದು ಸುಳ್ಳು ಹೇಳಿಕೆ ಆಗುತ್ತೆ. ಸಿಕ್ಕಿಬಿದ್ರೆ ಕೊಟ್ಟ ದುಡ್ಡೆಲ್ಲ ವಾಪಸ್ ಕೇಳ್ತಾರೆ. ಆ ವಯಸ್ಸಲ್ಲಿ ಅಂಥ ಭಯ ಇಟ್ಕೊಂಡು ಬದುಕೋದು ಬೇಡ. ಕಾಯೋದಾದ್ರೆ ನಿಜವಾಗ್ಲೂ ಕಾಯಿರಿ, ಆಗೋದಾದ್ರೆ ಧೈರ್ಯವಾಗಿ ಆಗ್ಲಿ.

ಹಳೇ ಹೆಂಡತಿ ಬಗ್ಗೆ ಚಿಂತೆ ಬೇಡ. ಅವರ ಮದುವೆ 10 ವರ್ಷ ನಡೆದಿದ್ರೆ, ಅವರು ಮತ್ತೆ ಮದುವೆ ಆಗ್ದೆ ಇದ್ರೆ 62ರ ಮೇಲೆ ಇವರ ರೆಕಾರ್ಡ್ ಮೇಲೆ ತಗೋಬಹುದು, ಅದು ಇವರದ್ದನ್ನೋ ನಿಮ್ಮಕ್ಕನದ್ದನ್ನೋ ಒಂದು ಡಾಲರೂ ಕಮ್ಮಿ ಮಾಡಲ್ಲ. ಅದೇ ತರ ಹೊಸಬರು ಮಾಜಿ ಹೆಂಡತಿ ರೆಕಾರ್ಡ್ ಮೇಲೆ ಏನಾದ್ರೂ ತಗೊಳ್ತಿದ್ರೆ, ಈಗ ಮದುವೆ ಆದ್ರೆ ಸಾಮಾನ್ಯವಾಗಿ ಅದು ನಿಲ್ಲುತ್ತೆ, ಅವರನ್ನೂ ಒಂದ್ ಮಾತು ಕೇಳಿ.

ಭಾವ ಫೆಡರಲ್ ಗವರ್ನ್‌ಮೆಂಟ್ ಕೆಲಸದಲ್ಲೋ ಮಿಲಿಟರಿಯಲ್ಲೋ ಇದ್ರಾ? ಇದ್ದಿದ್ರೆ ಆ ಪೆನ್ಶನ್‌ಗಳ ಗೆರೆ 60 ಅಲ್ಲ, 55, ನಿಮ್ಮಕ್ಕ ಆಗ್ಲೇ ದಾಟಿದಾರೆ.

ಹೊಂಗೆನೆರಳು:

ಇಲ್ಲ, ಭಾವ ಪ್ರೈವೇಟ್ ಕಂಪನಿ. ಅಕ್ಕ ಮತ್ತೆ ಅವರು ಕೂತು ಮಾತಾಡಿದ್ರಂತೆ. ಅವರೇ "ನಿನ್ನ ಗಂಡ ದುಡಿದು ಬಿಟ್ಟುಹೋಗಿರೋದು ನಿಂದು, ಅದನ್ನ ನನ್ನಿಂದ ಕಳ್ಕೋಬೇಡ" ಅಂದ್ರಂತೆ. ಇಬ್ರೂ ಬೇರೆ ಬೇರೆ ಮನೆಯಲ್ಲೇ ಇದ್ದು ಅವಳಿಗೆ 60 ತುಂಬಿದ್ಮೇಲೆ ಮದುವೆ ಅಂತ ತೀರ್ಮಾನ ಆಗಿದೆ. ಇನ್ನು ಅವಳು ಕೆಲಸ ಮಾಡ್ತಾನೇ 60ಕ್ಕೆ ಭಾವನದ್ದು ಶುರು ಮಾಡ್ಬಹುದಾ, ಅರ್ಜಿ ಆನ್‌ಲೈನ್ ಹಾಕೋದಾ?

ಲೆಕ್ಕದಪುಸ್ತಕ:

ಮಾಡ್ಬಹುದು, ಆದ್ರೆ ಪೂರ್ತಿ ಬೆನಿಫಿಟ್ ಸಿಗೋ ವಯಸ್ಸಿಗೆ (ಅಕ್ಕನಿಗೆ 67) ಮುಂಚೆ ಸಂಬಳಕ್ಕೆ ಮಿತಿ ಇದೆ, 2025ರಲ್ಲಿ ವರ್ಷಕ್ಕೆ 23,400 ಡಾಲರ್ ಇತ್ತು, ಅದಕ್ಕಿಂತ ಮೇಲೆ ದುಡಿದ ಪ್ರತಿ 2 ಡಾಲರ್‌ಗೆ 1 ಡಾಲರ್ ಹಿಡೀತಾರೆ. ಮಿತಿ ವರ್ಷಾವರ್ಷ ಏರುತ್ತೆ, ಪಾರ್ಟ್ ಟೈಮ್ ಆದ್ರೆ ಅಷ್ಟೇನೂ ತೊಂದ್ರೆ ಆಗ್ಲಿಕ್ಕಿಲ್ಲ. ಸರ್ವೈವರ್ ಅರ್ಜಿ ಆನ್‌ಲೈನ್ ಹಾಕೋಕ್ ಬರಲ್ಲ, ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೋಬೇಕು ಇಲ್ಲಾ ಆಫೀಸಿಗೇ ಹೋಗ್ಬೇಕು. ಭಾವನ ಡೆತ್ ಸರ್ಟಿಫಿಕೇಟ್, ಅವರಿಬ್ರ ಮದುವೆ ಸರ್ಟಿಫಿಕೇಟ್, ಇಬ್ರ ಸೋಷಿಯಲ್ ಸೆಕ್ಯುರಿಟಿ ನಂಬರ್ ರೆಡಿ ಇಟ್ಕೊಳ್ಳಿ. ಮದುವೆ ಊರಲ್ಲಿ ಆಗಿದ್ದು, ಆಗಿನ ಸರ್ಟಿಫಿಕೇಟ್ ಇಲ್ಲ ಅಂದ್ರೆ ಅದನ್ನ ಈಗ್ಲೇ ಓಡಾಡಿ ಮಾಡ್ಸಿ, ನೀವು ಊರಲ್ಲೇ ಇದೀರಲ್ಲ ಆ ಕೆಲಸ ನಿಮ್ಮಿಂದಲೇ ಆಗ್ಬೇಕು.