ನೋಟಿನ ಹಿಂಬದಿಯ ಚಿತ್ರಕ್ಕೆ ‘ಲಾಂಛನ’ ಅನ್ನಬಹುದೆ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ನಮ್ಮ ನೋಟುಗಳ ಬಗ್ಗೆ ಒಂದು ಪುಟ್ಟ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೀರುಗುರುತು, ಭದ್ರತಾ ಎಳೆ ಇವೆಲ್ಲ ಸಲೀಸಾಗಿ ಬಂದವು. ಸಿಕ್ಕಿಬಿದ್ದದ್ದು ‘ಮೋಟಿಫ್’ ಎಂಬಲ್ಲಿ. ಹಿಂಬದಿಯ ಚಿತ್ರಗಳನ್ನು ರಿಸರ್ವ್ ಬ್ಯಾಂಕು ಹಾಗೆ ಕರೆಯುತ್ತದೆ. ಹತ್ತರ ನೋಟಿನಲ್ಲಿ ಕೋನಾರ್ಕ, ಇಪ್ಪತ್ತರಲ್ಲಿ ಎಲ್ಲೋರ, ಐವತ್ತರಲ್ಲಿ ಹಂಪಿಯ ಕಲ್ಲಿನ ರಥ, ನೂರರಲ್ಲಿ ಗುಜರಾತಿನ ಪಾಟಣದ ರಾಣಿ ಕೀ ವಾವ್, ಮೆಟ್ಟಿಲಿಳಿದು ಹೋಗುವ ಹಳೆಯ ಬಾವಿ. ಮೊದಲ ಕರಡಿನಲ್ಲಿ ಹಿಂದುಮುಂದು ನೋಡದೆ ‘ಲಾಂಛನ’ ಎಂದು ಬರೆದುಬಿಟ್ಟೆ. ಈಗ ಓದಿದರೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತಿದೆ.

ಲಾಂಛನ ಎಂದರೆ ‘ಇದು ಯಾರದ್ದು’ ಎಂದು ಹೇಳುವ ಗುರುತು ಅಲ್ಲವೆ? ಚಾಲುಕ್ಯರಿಗೆ ವರಾಹ. ಬಸದಿಯಲ್ಲಿ ತೀರ್ಥಂಕರರ ಮುಖ ನೋಡಿ ಯಾರೆಂದು ಹೇಳುವುದು ಕಷ್ಟ, ಪೀಠದಲ್ಲಿ ಎತ್ತು ಇದ್ದರೆ ವೃಷಭನಾಥ, ಸಿಂಹ ಇದ್ದರೆ ಮಹಾವೀರ. ‘ಲಾಂಛನಧಾರಿ’ ಎಂದಾಗಲೂ ಮೈಮೇಲಿನ ಗುರುತಿನಿಂದ ಮನುಷ್ಯ ಯಾವ ಪಂಥದವನೆಂದು ತಿಳಿಯುತ್ತದೆ. ನೋಟಿನಲ್ಲಿ ಈ ಕೆಲಸ ಮಾಡುತ್ತಿರುವುದು ಅಶೋಕಸ್ತಂಭದ ಸಿಂಹಗಳು. ಹಂಪಿಯ ರಥವನ್ನು ತೆಗೆದು ಬೇರೆ ಚಿತ್ರ ಹಾಕಿದರೂ ನೋಟು ಭಾರತದ್ದೇ.

(ಹಿಂದಿಯವರಿಗೆ ಲಾಂಛನ ಎಂದರೆ ಕಳಂಕ, ಅಪವಾದ. ಗಂಡಭೇರುಂಡ ನಮ್ಮ ರಾಜ್ಯದ ಲಾಂಛನ ಎಂದು ಆಫೀಸಿನ ಗೆಳೆಯನೊಬ್ಬನಿಗೆ ಹೆಮ್ಮೆಯಿಂದ ಹೇಳಿದ್ದೆ. ‘ಪಾಪ, ಯಾರು ಹೊರಿಸಿದ್ದು?’ ಎಂದ.)

‘ಸಂಕೇತ’ ಅನ್ನೋಣವೆಂದರೆ, ಯಾವುದರ ಸಂಕೇತ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಐವತ್ತರ ನೋಟನ್ನೇ ನೋಡಿ. ನಾವು ರಥ ರಥ ಎನ್ನುವುದು ಅಸಲಿಗೆ ವಿಜಯ ವಿಠ್ಠಲ ದೇವಸ್ಥಾನದ ಎದುರಿಗಿರುವ ಗರುಡನ ಗುಡಿ. ದೇವರ ವಾಹನಕ್ಕೆ ಗುಡಿ ಕಟ್ಟಿ, ಆ ಗುಡಿಗೇ ಗಾಲಿ ಕೊಟ್ಟಿದ್ದಾರೆ! ಮುಂದಿರುವ ಆನೆಗಳೂ ಮೊದಲಿನವಲ್ಲ. ಅಲ್ಲಿಗೆ ಹೋದಾಗ ಬಗ್ಗಿ ನೋಡಿ, ಆನೆಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲ ಇನ್ನೂ ಉಳಿದಿವೆ. ಮೇಲೆ ಇಟ್ಟಿಗೆಯ ಗೋಪುರವಿತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ನೋಟಿನ ಮೇಲಿರುವುದು ಗೋಪುರ ಕಳೆದುಕೊಂಡ, ಆನೆ ಹೂಡಿದ ರೂಪ. ಇಷ್ಟೆಲ್ಲ ಹೊತ್ತಿರುವುದನ್ನು ‘ವೈಭವದ ಸಂಕೇತ’ ಎಂದು ಒಂದೇ ಮಾತಿನಲ್ಲಿ ಮುಗಿಸಲು ಮನಸ್ಸಿಲ್ಲ. ‘ಹಿಂಬದಿಯ ಚಿತ್ರ’ ಎಂದಷ್ಟೇ ಇಟ್ಟು, ಕೆಳಗೆ ಕತೆ ಹೇಳುವುದೇ ವಾಸಿ ಎಂದು ನನ್ನ ಒಲವು.

ಇನ್ನು ಆ ಚಿತ್ರದ ಹೆಸರು. ಪುಸ್ತಕಗಳಲ್ಲಿ ‘ಕಲ್ಲಿನ ರಥ’. ನನಗೆ ‘ಕಲ್ಲಿನ ತೇರು’ ಇಷ್ಟ, ಆದರೆ ತೇರು ಎಂದ ಕೂಡಲೇ ಎಳೆಯುವುದು ನೆನಪಾಗುತ್ತದೆ, ಇದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಹಂಪಿ, ಹೊಸಪೇಟೆ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ?

ನೂರರ ನೋಟಿನ ‘ವಾವ್’ ಇನ್ನೂ ಸ್ವಾರಸ್ಯದ್ದು. ಹನ್ನೊಂದನೆಯ ಶತಮಾನದಲ್ಲಿ ರಾಣಿ ಉದಯಮತಿ ಗಂಡ ಭೀಮದೇವನ ನೆನಪಿಗೆ ಕಟ್ಟಿಸಿದ್ದು. ಪತ್ರಿಕೆಗಳು ಇಂಥದ್ದನ್ನು ಒಮ್ಮೊಮ್ಮೆ ‘ಪುಷ್ಕರಣಿ’, ‘ಕಲ್ಯಾಣಿ’ ಎಂದು ಬರೆಯುವುದುಂಟು. ಅದು ತಪ್ಪು. ಕಲ್ಯಾಣಿ ಬಾಯ್ದೆರೆದ ಕೊಳ. ವಾವ್‌ನಲ್ಲಿ ಮಹಡಿ ಮಹಡಿಯಾಗಿ ನೆಲದೊಳಕ್ಕೆ ಇಳಿಯುತ್ತ ಹೋಗಬೇಕು. ಪದ ಹುಡುಕಿ ಅಲೆಯಬೇಕಾಗಿಯೇ ಇರಲಿಲ್ಲ: ಸಂಸ್ಕೃತದ ‘ವಾಪಿ’ ಗುಜರಾತಿಯಲ್ಲಿ ವಾವ್ ಆಯಿತು, ನಮ್ಮಲ್ಲಿ ಬಾವಿ ಆಯಿತು. ಲಕ್ಕುಂಡಿಯ ಮುಸುಕಿನ ಬಾವಿಗೂ ಮೆಟ್ಟಿಲಿಳಿದೇ ಹೋಗಬೇಕು, ಅದನ್ನು ಜನ ಬಾವಿಯೆಂದೇ ಕರೆಯುತ್ತಾರೆ. ಹಾಗಾಗಿ ನಾನು ‘ರಾಣಿಯ ಬಾವಿ’ ಎಂದು ಬರೆದಿದ್ದೇನೆ. ಸಂಪಾದಕರು ‘ಮೆಟ್ಟಿಲುಬಾವಿ’ ಬೇಕೆನ್ನುತ್ತಿದ್ದಾರೆ. ಜಗಳ ನಡೆದಿದೆ.

ಕೊನೆಯದೊಂದು. ‘ವರಾಹ’ ಎಂಬ ಹೊನ್ನಿನ ನಾಣ್ಯಕ್ಕೆ ಅದರ ಮೇಲಿನ ಹಂದಿಯಿಂದಲೇ ಹೆಸರು ಬಂತು. ವಿಜಯನಗರದ ಕಾಲಕ್ಕೆ ಹಂದಿಯ ಜಾಗದಲ್ಲಿ ಕೃಷ್ಣದೇವರಾಯನ ಬಾಲಕೃಷ್ಣ ಬಂದ, ಅಚ್ಯುತರಾಯನ ಗಂಡಭೇರುಂಡ ಬಂತು. ಹೆಸರು ಮಾತ್ರ ವರಾಹವಾಗಿಯೇ ಉಳಿಯಿತು. ಈಗಲೂ ಇಂಥ ರೂಢಿ ಇದೆಯೆ? ಐದರ ಹಳೇ ನೋಟನ್ನು ನಮ್ಮ ಅಜ್ಜಿ ‘ಟ್ಯಾಕ್ಟ್ರು ನೋಟು’ ಅನ್ನುತ್ತಿದ್ದರು, ಅಡಿಕೆ ಚೀಲದಿಂದ ಮಡಿಕೆ ಬಿಚ್ಚಿ ಕೊಡುವಾಗ ಟ್ರಾಕ್ಟರು ಇದೆಯೋ ಇಲ್ಲವೋ ನೋಡಿಯೇ ಕೊಡುತ್ತಿದ್ದರು. ನಿಮ್ಮ ಕಡೆ ಸಂತೆಯಲ್ಲೋ ಬಸ್ಸಿನಲ್ಲೋ ಚಿತ್ರದ ಹೆಸರಿನಿಂದಲೇ ನೋಟನ್ನು ಕರೆಯುವುದನ್ನು ಕೇಳಿದ್ದರೆ, ಊರಿನ ಹೆಸರಿನೊಂದಿಗೆ ತಿಳಿಸಿ.