ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ: ಗ್ರಂಥಪಾಲಕ ಹುದ್ದೆಯಲ್ಲದೆ ಬೇರೇನಿದೆ?

ಪ್ರಶ್ನೆ:
ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸುತ್ತಿರುವ ನಾನು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುವ ಆಲೋಚನೆಯಲ್ಲಿದ್ದೇನೆ. ಪಠ್ಯಕ್ರಮದಲ್ಲಿ ವರ್ಗೀಕರಣ (ಪುಸ್ತಕಗಳನ್ನು ವಿಷಯವಾರು ವಿಂಗಡಿಸುವುದು) ಮತ್ತು ಸೂಚೀಕರಣಗಳಿಗೆ (ಪ್ರತಿ ಪುಸ್ತಕದ ವಿವರಗಳನ್ನು ದಾಖಲಿಸುವುದು) ದೊಡ್ಡ ಪಾಲಿದೆ. ಹುಡುಕಾಟವನ್ನೆಲ್ಲ ಯಂತ್ರಗಳೇ ಮಾಡುತ್ತಿರುವಾಗ ವಿಷಯಗಳಿಗೆ ಸಂಖ್ಯೆ ಕೊಟ್ಟು ಪುಸ್ತಕಗಳನ್ನು ವಿಂಗಡಿಸುವ 1876ರ ಡ್ಯೂಯಿ ದಶಮಾಂಶ ಪದ್ಧತಿಯನ್ನು ಕಲಿತು ಏನು ಪ್ರಯೋಜನ, ಗ್ರಂಥಪಾಲಕ ಹುದ್ದೆ ದೊರೆಯದಿದ್ದರೆ ಈ ಪದವಿ ಇನ್ನಾವ ಕೆಲಸಕ್ಕೆ ಒದಗುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಸಂಖ್ಯೆಗಳನ್ನು ಬಾಯಿಪಾಠ ಮಾಡುವುದೇ ವರ್ಗೀಕರಣವಾಗಿದ್ದರೆ ನಿಮ್ಮ ಸಂಶಯ ಸರಿಯೇ. ಆದರೆ ಅದು ಅಷ್ಟೇ ಅಲ್ಲ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣವು ಪ್ರತಿ ವಿಷಯಕ್ಕೂ ಸಿದ್ಧ ಸಂಖ್ಯೆಯನ್ನು ಒದಗಿಸುವುದಿಲ್ಲ. ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ, ಆ ಮುಖಗಳನ್ನು ಮತ್ತೆ ಜೋಡಿಸಿ ಸಂಖ್ಯೆಯನ್ನು ಕಟ್ಟುತ್ತದೆ. ಆನ್‌ಲೈನ್ ಮಾರಾಟ ತಾಣದಲ್ಲಿ ಬಣ್ಣ, ಅಳತೆ, ಬೆಲೆಗಳ ಪ್ರಕಾರ ವಸ್ತುಗಳನ್ನು ಸೋಸುವಾಗ ನಡೆಯುವುದೂ ಇದೇ ತರ್ಕ. ಅಂತಹ ವ್ಯವಸ್ಥೆಗಳನ್ನು ರೂಪಿಸುವ ಟ್ಯಾಕ್ಸಾನಮಿ (ವಿಷಯ ವಿಂಗಡಣೆ) ತಜ್ಞರ ಹುದ್ದೆಗೆ ಈ ಪದವಿಯವರು ಸಲ್ಲುತ್ತಾರೆ.

ಸೂಚೀಕರಣದ ಮಾತೂ ಹೀಗೆಯೇ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಅವರ ನೇತೃತ್ವದಲ್ಲಿ ರೂಪುಗೊಂಡ, ಪುಸ್ತಕದ ವಿವರಗಳನ್ನು ಯಂತ್ರ ಓದುವಂತೆ ದಾಖಲಿಸುವ ಮಾರ್ಕ್ ನಮೂನೆಯಿಂದಾಗಿ ಒಂದು ಗ್ರಂಥಾಲಯದ ದಾಖಲೆಯನ್ನು ಇನ್ನೊಂದರ ಗಣಕಯಂತ್ರ ಓದಬಲ್ಲದಾಯಿತು. (ಅವ್ರಾಮ್ ಗ್ರಂಥಾಲಯ ಪದವೀಧರೆಯಲ್ಲ, ಪ್ರೋಗ್ರಾಮರ್ ಆಗಿದ್ದರು, ಈ ಕ್ಷೇತ್ರಕ್ಕೆ ಹೊರಗಿನಿಂದ ಬಂದವರು ಕೊಟ್ಟದ್ದು ಕಡಿಮೆಯೇನಲ್ಲ.) ಶೀರ್ಷಿಕೆ, ಕರ್ತೃ, ವಿಷಯಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಏಕೆ ನಮೂದಿಸಬೇಕೆಂಬುದು ಅರ್ಥವಾದವರಿಗೆ ಡಿಜಿಟಲ್ ಭಂಡಾರ, ಪತ್ರಾಗಾರ, ಸಂಶೋಧನಾ ದತ್ತಾಂಶ ನಿರ್ವಹಣೆಗಳ ಮೆಟಾಡೇಟಾ (ದಾಖಲೆಯ ಕುರಿತ ವಿವರಗಳ) ಕೆಲಸ ಹೊಸದೆನಿಸದು.

ಉತ್ತರ 2:
ನಿಮ್ಮ ರಸಾಯನಶಾಸ್ತ್ರವನ್ನು ಬಿಟ್ಟುಕೊಡಬೇಡಿ. ಒಂದೇ ಸಂಯುಕ್ತಕ್ಕೆ ವ್ಯಾಪಾರದ ಹೆಸರು, ರೂಢಿಯ ಹೆಸರು, ವ್ಯವಸ್ಥಿತ ಹೆಸರುಗಳಿರುವುದರಿಂದ, ಆಸ್ಪಿರಿನ್ ಎಂದು ಹುಡುಕಿದವರಿಗೆ ಅಸಿಟೈಲ್‌ಸ್ಯಾಲಿಸಿಲಿಕ್ ಆಮ್ಲದ ಹೆಸರಿನಲ್ಲಿರುವ ಲೇಖನಗಳು ತಪ್ಪಿಹೋಗಬಹುದು. ಹೆಸರು ಯಾವುದಿದ್ದರೂ ಒಂದು ಸಂಯುಕ್ತಕ್ಕೆ ಒಂದೇ ಆಗಿರುವ ಸಿಎಎಸ್ (ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸರ್ವಿಸ್) ನೋಂದಣಿ ಸಂಖ್ಯೆ, ಆಸ್ಪಿರಿನ್‌ಗೆ 50-78-2, ಇರುವುದು ಈ ತೊಡಕನ್ನು ಬಿಡಿಸಲೆಂದೇ. ಒಂದು ಆವಿಷ್ಕಾರ ಈ ಮೊದಲೇ ದಾಖಲಾಗಿದೆಯೇ ಎಂದು ಹುಡುಕುವ ಪೇಟೆಂಟ್ ಶೋಧನೆಯಲ್ಲಿ ಹೀಗೆ ಒಂದು ದಾಖಲೆ ಕಣ್ತಪ್ಪಿದರೂ ದೊಡ್ಡ ನಷ್ಟವಾದೀತು. ವೈದ್ಯಕೀಯ ಗ್ರಂಥಪಾಲಕರು ವ್ಯವಸ್ಥಿತ ವಿಮರ್ಶೆಗಳಿಗಾಗಿ (ಒಂದು ಪ್ರಶ್ನೆಯ ಮೇಲಿನ ಎಲ್ಲ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಅಧ್ಯಯನಗಳಿಗಾಗಿ) ಹುಡುಕಾಟದ ಸೂತ್ರಗಳನ್ನು ರಚಿಸುವುದೂ ಇದೇ ಬಗೆಯ ಕೆಲಸ, ಮತ್ತು ಅಂತಹ ವಿಮರ್ಶೆಗಳಲ್ಲಿ ಅವರು ಸಹಲೇಖಕರಾಗುವುದೂ ಉಂಟು. ವಿಷಯಜ್ಞಾನ ಮತ್ತು ಶೋಧನಾಕೌಶಲ ಒಬ್ಬರಲ್ಲಿಯೇ ಕೂಡಿಬರುವುದು ಅಪರೂಪ.

ಉತ್ತರ 3:
ಮೇಲಿನ ಎರಡೂ ಉತ್ತರಗಳು ತುಸು ಆಶಾವಾದಿಯಾಗಿವೆ ಎಂಬುದು ನನ್ನ ಅಭಿಪ್ರಾಯ. ಟ್ಯಾಕ್ಸಾನಮಿ, ದತ್ತಾಂಶಗಳ ಹುದ್ದೆಗಳಿಗೆ ಗಣಕ ವಿಜ್ಞಾನದವರೂ ಪೈಪೋಟಿಗೆ ನಿಲ್ಲುತ್ತಾರೆ, ಆಗ ಪದವಿಯ ಹೆಸರೊಂದೇ ನೆರವಿಗೆ ಬಾರದು. ಪ್ರವೇಶ ಪಡೆಯುವ ಮುನ್ನ ಕೋಹಾ (ಗ್ರಂಥಾಲಯ ನಿರ್ವಹಣೆಯದು), ಡಿಸ್ಪೇಸ್‌ನಂತಹ (ಡಿಜಿಟಲ್ ಭಂಡಾರದ್ದು) ಮುಕ್ತ ತಂತ್ರಾಂಶಗಳನ್ನು ವಿದ್ಯಾರ್ಥಿಗಳೇ ಸ್ಥಾಪಿಸಿ ನಡೆಸುತ್ತಾರೆಯೇ, ಡೇಟಾಬೇಸ್‌ನಿಂದ ಮಾಹಿತಿ ಪಡೆಯುವ ಪ್ರಶ್ನಾಭಾಷೆಯನ್ನು ಕಲಿಸುತ್ತಾರೆಯೇ, ಕಾರ್ಯನಿರತ ಗ್ರಂಥಾಲಯದಲ್ಲಿ ತರಬೇತಿ ಕಡ್ಡಾಯವೇ ಎಂದು ವಿಚಾರಿಸಿ. ಓದಿನ ಮೇಲಿನ ಪ್ರೀತಿಯಿಂದಷ್ಟೇ ಬರುವವರಿಗೆ ಒಂದು ಮಾತು: ನಿಯತಕಾಲಿಕಗಳ ಚಂದಾ ಕುರಿತು ಪ್ರಕಾಶಕರೊಡನೆ ಚೌಕಾಶಿ ಮಾಡುವುದು, ಆಯವ್ಯಯ ಹೊಂದಿಸುವುದು, ಓದುಗರಿಗೆ ಹುಡುಕುವುದನ್ನು ಕಲಿಸುವುದು, ಇವೇ ದಿನದ ಬಹುಭಾಗವನ್ನು ನುಂಗುತ್ತವೆ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ಪೇಟೆಂಟ್ ಶೋಧನೆಯನ್ನು ಐಚ್ಛಿಕ ವಿಷಯವಾಗಿ ಬೋಧಿಸುವ ವಿಭಾಗಗಳನ್ನು ಮೊದಲು ಪಟ್ಟಿ ಮಾಡಿ, ಅವುಗಳ ಪ್ರಾಯೋಗಿಕ ತರಗತಿಗಳ ವಿವರವನ್ನು ತರಿಸಿಕೊಳ್ಳುತ್ತೇನೆ.